ಆಯಿಯ ಬಾವಿಗೆ ಇಳಿಸಿದ ತಗಡು

ಹೋದ ತಿಂಗಳು ಅಥಣಿಯಲ್ಲಿ ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತಿದ್ದೆ. ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತ ಒಬ್ಬರು ಹೊಲಿಗೆಯ ನೂಲಿಗೆ ಮೇಣ ತಿಕ್ಕುತ್ತಿದ್ದರು. ಅಂಗೈಯಲ್ಲಿ ಹಿಡಿದ ಮೇಣದ ಗಟ್ಟಿಯ ಮೇಲೆ ನೂಲನ್ನು ಒತ್ತಿ ಎಳೆದರು, ಮತ್ತೆ ಎಳೆದರು. ಕೈಯ ಕಾವಿಗೆ ಮೇಣ ಮೆತ್ತಗಾಗಿ ವಾಸನೆ ಬಿಟ್ಟಿತು. ಬೆಲ್ಲ ಸ್ವಲ್ಪ ಸೀದಂತಹ ವಾಸನೆ. ಕೈಯಲ್ಲಿದ್ದ ಚಪ್ಪಲಿಯನ್ನು ಮರೆತು ನಾನು ಆ ಗಟ್ಟಿಯನ್ನೇ ನೋಡುತ್ತ ನಿಂತೆ.

"ಏನ್ರಿ ಸಾಹೇಬ್ರ, ಚಪ್ಪಲ್ ತಗೊಳ್ಳಾಕ ಬಂದೀರೋ, ಮೇಣ ತಗೊಳ್ಳಾಕ ಬಂದೀರೋ?" ಎಂದರು ಅವರು.

"ಇದು ಜೇನಮೇಣ ಏನ್ರಿ?"

"ಮತ್ತೇನ್ರಿ? ಮೇಣಬತ್ತೀದ ಹಚ್ಚಿದ್ರ ನಾಕ ದಿನಾನೂ ತಾಳೂದಿಲ್ಲ."

ಇದೇ ಮಾತನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಊರಿನಲ್ಲಿ ಇನ್ನೊಬ್ಬರು ನನಗೆ ಹೇಳಿದ್ದರು. ಹಾಗೆ ಹೇಳಿದ್ದರೆಂಬುದು ಅಲ್ಲಿಯವರೆಗೆ ನನಗೆ ನೆನಪೇ ಇರಲಿಲ್ಲ. ಅಥವಾ ನೆನಪಾಗದಂತೆ ನಾನೇ ನೋಡಿಕೊಂಡಿದ್ದೆನೋ... ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಎರಡು ಸಲ ಅಳೆದು ನೋಡದೆ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ನನ್ನ ಸ್ವಂತದ ಒಂದು ನೆನಪನ್ನು ಮಾತ್ರ ಒಮ್ಮೆಯೂ ಅಳೆದು ನೋಡಿರಲಿಲ್ಲ.

ಆ ನೆನಪು ಆಯಿಯದು.

ಆಯಿ ನಮ್ಮ ನೆರೆಮನೆಯವಳು. ಉಗಾರ ಬುದ್ರುಕದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅಪ್ಪನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ನಾವು ಬಾಡಿಗೆಯವರು. ಅವರದು ತಲೆಮಾರುಗಳಿಂದ ಅಲ್ಲೇ ಬೇರೂರಿದ ಜೈನ ಒಕ್ಕಲಿನ ಮನೆ. ಹೊಳೆಯ ಕಡೆಗೆ ಕಬ್ಬಿನ ಹೊಲ, ಹಿತ್ತಲಲ್ಲಿ ಮೆಟ್ಟಿಲುಗಳಿದ್ದ ಕಲ್ಲಿನ ಬಾವಿ. ಮನೆಗೆ ನಳ ಬಂದು ಎಷ್ಟೋ ವರ್ಷವಾಗಿತ್ತು. ಮಗ, ಸೊಸೆ, ಮೊಮ್ಮಗಳು ಎಲ್ಲರೂ ನಳದ ನೀರನ್ನೇ ಕುಡಿಯುತ್ತಿದ್ದರು. ಆಯಿ ಮಾತ್ರ ಬಾವಿಯ ನೀರು ಕುಡಿಯುತ್ತಿದ್ದಳು, ಅದೂ ತಾನೇ ಸೋಸಿದ್ದು.

ಸೋಸುವುದು ದೊಡ್ಡ ಕೆಲಸವಾಗಿರಲಿಲ್ಲ. ದಪ್ಪ ಬಿಳಿಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಹಾಸಿ ನೀರು ಹೊಯ್ಯುವುದು, ಅಷ್ಟೆ. ಕೆಲಸವಿದ್ದದ್ದು ಆಮೇಲೆ. ಆ ಬಟ್ಟೆಯನ್ನು ಹಿಂಡುವಂತಿಲ್ಲ, ಕೊಡವುವಂತಿಲ್ಲ, ಎಲ್ಲೆಂದರಲ್ಲಿ ಒಣಹಾಕುವಂತಿಲ್ಲ. ಬಟ್ಟೆಯ ಮೇಲೆ ಉಳಿದ ಸಣ್ಣ ಜೀವಗಳು ಯಾವ ನೀರಿನಿಂದ ಬಂದವೋ ಅದೇ ನೀರಿಗೆ ಮರಳಬೇಕು. ಅದೂ ಎತ್ತರದಿಂದ ಬಿದ್ದಲ್ಲ. ಬಿದ್ದ ಪೆಟ್ಟಿಗೆ ಅವು ಸಾಯುತ್ತವೆ. ಹಾಗಾಗಿ ಆಯಿ ದಿನವೂ ಮೆಟ್ಟಿಲಿಳಿದು, ನೀರಿನ ಹತ್ತಿರ ಕೂತು, ಬಟ್ಟೆಯನ್ನು ತಿರುವಿ ಹಿಡಿದು, ಸೋಸಿದ ನೀರನ್ನು ಚಂಬಿನಿಂದ ಅದರ ಮೇಲೆ ಮೆಲ್ಲಗೆ ಸುರಿಯುತ್ತಿದ್ದಳು. ಕೂಸಿಗೆ ಎರೆದಂತೆ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರುತ್ತಿದ್ದಳು.

ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮೊದಲ ವರ್ಷದಲ್ಲಿದ್ದೆ. ಆ ವಯಸ್ಸಿನಲ್ಲಿ ಏನನ್ನು ಕಂಡರೂ ಅದರ ತಪ್ಪು ಹುಡುಕುವ ಚಟ. ಓದುವ ರಜೆಗೆ ಊರಿಗೆ ಬಂದವನು ಗೋಡೆಗೆ ಮೊಣಕೈ ಊರಿ ಆಯಿಯ ಜೊತೆ ವಾದಕ್ಕೆ ನಿಂತೆ.

"ಆಯಿ, ನೀ ಹೇಳೂ ಜೀವ ಬಾಳ ಸಣ್ಣವು. ಅರ್ಧಕ್ಕರ್ಧ ನಿನ್ನ ಬಟ್ಟೀ ದಾಟಿ ಕೊಡದಾಗ ಇಳದಿರ್ತಾವ. ಅವನ್ನ ನೀ ಕುಡದಬಿಟ್ಟಿರ್ತಿ."

"ನಿಮ್ಮ ದುರ್ಬೀನದಾಗ ಕಾಣತಾವೇನು ಅವು?"

"ಕಾಣತಾವ."

"ಹಂಗಾರ ನಾ ಹೇಳೂದ ಸುಳ್ಳಲ್ಲ ಅಂದಂಗಾತು," ಎಂದು ನಕ್ಕಳು. ಆಮೇಲೆ ಬಟ್ಟೆ ಮಡಚುತ್ತ ಅಂದಳು: "ದಾಟಿ ಹೋದವು ಹೋಗ್ಯಾವ ತಮ್ಮಾ. ಉಳದಾವಲ್ಲ, ಅವುಗಳ ಹೊಣಿ ನಂದು."

ಇದಕ್ಕೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಏನೋ ಚುರುಕಾದ ಮಾತೇ ಆಡಿರಬೇಕು.

ಆ ವರ್ಷ ಆಯಿಯ ಮೊಣಕಾಲು ಕೈಕೊಟ್ಟಿದ್ದವು. ಮಿರಜಿನ ಡಾಕ್ಟರು ಮೆಟ್ಟಿಲು ಹತ್ತುವುದು, ಕೆಳಗೆ ಕೂರುವುದು ಎರಡನ್ನೂ ಬಿಡಬೇಕೆಂದಿದ್ದರು. ಬಟ್ಟೆಯ ಕೆಲಸ ಸೊಸೆಯ ಪಾಲಿಗೆ ಬಂತು. ಅತ್ತಿಗೆಯ ಲೆಕ್ಕದಲ್ಲಿ ನಾನು ಆಕೆಯನ್ನು ವೈನಿ ಎನ್ನುತ್ತಿದ್ದೆ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಬಿಸಿಲಿನ ದಿನಗಳಾದ್ದರಿಂದ ಶಾಲೆ ಬೆಳಿಗ್ಗೆಯೇ ಶುರುವಾಗುತ್ತಿತ್ತು. ವೈನಿ ಸೆರಗು ಸಿಕ್ಕಿಸಿ ನಾಲ್ಕು ಮೆಟ್ಟಿಲಿಳಿದು ಅಲ್ಲಿಂದಲೇ ಬಟ್ಟೆಯ ಮೇಲೆ ಚಂಬು ಬೋರಲು ಹಾಕಿ ಓಡುತ್ತಿದ್ದರು. ಬೇಸಿಗೆಯಲ್ಲಿ ನೀರು ಇನ್ನೂ ಹದಿನೈದು ಮೆಟ್ಟಿಲು ಕೆಳಗೆ.

"ಆಕೀಗೆ ಅನ್ನೂ ಹಂಗಿಲ್ಲ," ಎಂದಳು ಆಯಿ ನನ್ನ ಹತ್ತಿರ, ದನಿ ತಗ್ಗಿಸಿ. "ಸಾಲಿಗೆ ಹೊತ್ತಾಗತೈತಿ. ಪಾಪ, ಮಾಡತಾಳಲ್ಲ, ಅದ ದೊಡ್ಡದು. ಆದ್ರ ಮ್ಯಾಲಿಂದ ಬೀಳೂ ಸಪ್ಪಳಾ ಕೇಳಿದ್ರ ನನಗ ನೀರ ಗಂಟಲದಾಗ ಇಳಿವಲ್ದು."

ಮಾತಿಗೆ ಹಾಗಂದದ್ದಲ್ಲ. ಆಯಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಮಾರ್ಚಿನ ಬಿಸಿಲಿನಲ್ಲಿ ತುಟಿ ಬಿರಿದು ಕೂತಿರುತ್ತಿದ್ದಳು. ಸೋಸಿದಷ್ಟೂ ಹೊಣೆ ಹೆಚ್ಚು ಎಂಬುದು ಆಕೆಯ ಲೆಕ್ಕ.

ನನಗೆ ಒಂದು ಉಪಾಯ ಹೊಳೆಯಿತು. ಆಯಿ ಇಳಿಯಲಾರಳು ಎಂದರೆ ನೀರು ಇಳಿದು ಹೋಗಲಿ. ತಗಡಿನ ಕೆಲಸದವರ ಹತ್ತಿರ ಎರಡೂ ಅಂಚು ಮಡಚಿದ ಉದ್ದನೆಯ ತಗಡು ಮಾಡಿಸಿ, ಮೂರು ತುಂಡು ಕೂಡಿಸಿ, ಬಾವಿಯ ಮೆಟ್ಟಿಲಿನ ಬದಿಗೆ ಮೇಲಿನಿಂದ ನೀರಿನವರೆಗೆ ಮಲಗಿಸಿದೆ. ಮಾಳಿಗೆಯ ನೀರು ಇಳಿಸುವ ದೋಣಿಯ ಹಾಗೆ. ಆಯಿ ಮೇಲಿನ ಕಟ್ಟೆಯ ಮೇಲೆ ಕೂತು ಬಟ್ಟೆ ಹಿಡಿದು ಚಂಬಿನಿಂದ ಹೊಯ್ದರೆ ಸಾಕು, ನೀರು ಜಾರಿ ಹೋಗಿ ಬಾವಿ ಸೇರುತ್ತದೆ, ಸಪ್ಪಳವಿಲ್ಲದೆ.

ಮೊದಲ ದಿನ ಆಯಿ ಹೊಯ್ದಳು. ನೀರು ಸರ್ರನೆ ಇಳಿಯಿತು. ನಾನು ಹೆಮ್ಮೆಯಿಂದ ಆಕೆಯ ಮುಖ ನೋಡಿದೆ. ಆಕೆ ನನ್ನನ್ನು ನೋಡಲಿಲ್ಲ, ತಗಡನ್ನು ನೋಡುತ್ತಿದ್ದಳು. ಉದ್ದಕ್ಕೂ ಹನಿಗಳು ನಿಂತಿದ್ದವು. ಜೋಳದ ಕಾಳಿನಷ್ಟು, ಸಾಸಿವೆಯಷ್ಟು, ಅದಕ್ಕೂ ಸಣ್ಣವು.

"ಇವು ಯಾಕ ನಿಂತಾವ?"

ನನಗೆ ಉತ್ತರ ಗೊತ್ತಿತ್ತು, ಹೇಳಿದೆ. ಇಳಿಜಾರಿನಲ್ಲಿ ಹನಿ ಸುಮ್ಮನೆ ಜಾರುವುದಿಲ್ಲ. ಅದರ ಭಾರ ಕೆಳಗೆ ಎಳೆಯುತ್ತದೆ, ಅಂಚು ತಗಡನ್ನು ಹಿಡಿದುಕೊಂಡಿರುತ್ತದೆ. ಹನಿ ಹೊರಡಬೇಕಾದರೆ ಮುಂದಿನ ಅಂಚು ಮುಂದೆ ಹೋದರೆ ಸಾಲದು, ಹಿಂದಿನ ಅಂಚು ಬಿಡಬೇಕು. ಆದ್ದರಿಂದಲೇ ನಿಂತ ಹನಿ ಮುಂದೆ ಹೊಟ್ಟೆ ಬಿಟ್ಟುಕೊಂಡು ಹಿಂದೆ ತೆಳ್ಳಗೆ ಚಾಚಿಕೊಂಡಿರುತ್ತದೆ. ದೊಡ್ಡ ಹನಿಗೆ ಭಾರವಿದೆ, ಹೊರಡುತ್ತದೆ. ಸಣ್ಣದಕ್ಕೆ ಹಿಡಿತವೇ ಹೆಚ್ಚು. ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿದರೂ ಅದು ಕದಲುವುದಿಲ್ಲ.

ಆಯಿ ಗಮನವಿಟ್ಟು ಕೇಳಿದಳು. ಬೆರಳು ಅದ್ದಿ ಒಂದು ಹನಿಯನ್ನು ಮೇಲೆ ಬಿಟ್ಟಳು. ಅದು ಇನ್ನೊಂದನ್ನು ಮುಟ್ಟಿತು, ಎರಡೂ ಕೂಡಿ ಒಂದಾದವು, ಸ್ವಲ್ಪ ತಡೆದು ಒಮ್ಮೆಲೇ ಹೊರಟವು. ದಾರಿಯಲ್ಲಿದ್ದ ಸಣ್ಣವನ್ನೆಲ್ಲ ನುಂಗುತ್ತ ಓಡಿದವು. ಆಯಿಯ ಮುಖ ಅರಳಿತು. "ಒಂದಕ್ಕೊಂದು ಕೈ ಹಿಡಕೊಂಡ ಹೊಂಟ್ವಲ್ಲೋ," ಎಂದಳು. ಆದರೆ ಆ ಹನಿ ಓಡಿದ ದಾರಿಯ ಹಿಂದೆಯೇ ಹೊಸದಾಗಿ ನಾಲ್ಕೈದು ಪುಟ್ಟ ಹನಿಗಳು ಉಳಿದಿದ್ದವು. ಅವನ್ನೂ ಆಕೆ ಕಂಡಳು. ಇನ್ನೊಂದು ಚಂಬು ಹೊಯ್ದಳು, ಮತ್ತೊಂದು ಹೊಯ್ದಳು. ಪ್ರತಿ ಸಲವೂ ಕೊನೆಗೆ ಒಂದಿಷ್ಟು ಹನಿ ನಿಂತೇ ಇದ್ದವು, ಬಿಸಿಲಿಗೆ ಅಲ್ಲೇ ಆರುತ್ತಿದ್ದವು.

"ಕಡೀ ಹನಿ ಯಾರ ಒಯ್ಯಬೇಕೋ ತಮ್ಮಾ?"

ಮೂರನೆಯ ಚಂಬಿನ ಹೊತ್ತಿಗೆ ಆ ಹನಿಯಲ್ಲಿ ಜೀವವೇ ಇರುವುದಿಲ್ಲ, ಎಲ್ಲ ತೊಳೆದು ಹೋಗಿರುತ್ತದೆ ಎಂದು ಗಣಿತ ಹೇಳಿದೆ. ಆಕೆ ಒಪ್ಪಲಿಲ್ಲ. ಇರುವುದಿಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆನೇ ಎಂದು ಕೇಳಿದಳು. ಖಚಿತವಾಗಿ ಹೇಳಲಾರೆ ಎಂದೆ.

ಹಾಗಾದರೆ ಹನಿ ನಿಲ್ಲದ ತಗಡೇ ಬೇಕು. ಶೇಂಗಾ ಎಣ್ಣೆ ಹಚ್ಚಿದೆ. ಹನಿಗಳು ಚೆನ್ನಾಗಿಯೇ ಜಾರಿದವು. ಮರುದಿನ ನೋಡಿದರೆ ಉದ್ದಕ್ಕೂ ಇರುವೆಗಳು, ಎಣ್ಣೆಯಲ್ಲಿ ಕಾಲು ಸಿಕ್ಕಿಕೊಂಡು ಸತ್ತಿದ್ದವು. ಆಯಿ ಅಂದು ಊಟ ಮಾಡಲಿಲ್ಲ.

"ಕಾಣದ ಜೀವಾ ಉಳಸಾಕ ಹೋಗಿ ಕಾಣೂ ಜೀವಾ ಕೊಂದ್ವಿ ನೋಡು," ಎಂದಳು. ಕೊಂದಿ ಎನ್ನಲಿಲ್ಲ, ಕೊಂದ್ವಿ ಎಂದಳು.

ಬೂದಿ ಹಾಕಿ ಎಣ್ಣೆ ತೊಳೆದು ಮೇಣದಬತ್ತಿ ಕರಗಿಸಿ ಹಚ್ಚಿದೆ. ಎರಡೇ ದಿನಕ್ಕೆ ಬಿರುಕು ಬಿಟ್ಟು ಹಕ್ಕಳೆಯಾಗಿ ಎದ್ದಿತು. ಪ್ರತಿ ಬಿರುಕಿನಲ್ಲೂ ಒಂದು ಹನಿ. ವೈನಿ ಶಾಲೆಗೆ ಹೊರಟವರು ನಿಂತು, "ಏನಪಾ ವಿಜ್ಞಾನಿ, ಇನ್ನಾ ಎಷ್ಟ ದಿನಾ ನಮ್ಮ ಬಾಂವಿಗೆ ಪೇಂಟ್ ಹೊಡಿತಿ?" ಎಂದು ನಕ್ಕು ಹೋದರು. ನನಗೆ ನಗು ಬರಲಿಲ್ಲ. ಇನ್ನೊಮ್ಮೆ ಸೋಲುವ ಮನಸ್ಸಿರಲಿಲ್ಲ.

ಆಗ ಅಥಣಿಗೆ ಹೋದೆ. ಚಪ್ಪಲಿ ಹೊಲಿಯುವವರು ನೂಲಿಗೆ ತಿಕ್ಕುವ ಮೇಣಕ್ಕೆ ನೀರು ಅಂಟುವುದಿಲ್ಲವೆಂದು ಯಾರೋ ಹೇಳಿದ್ದರು. ಒಬ್ಬರು ಮುಷ್ಟಿಯಷ್ಟು ಗಟ್ಟಿ ಕೊಟ್ಟರು. ತಗಡನ್ನು ಬಿಸಿಲಿಗೆ ಕಾಯಿಸಿ, ಆ ಮೇಣ ತಿಕ್ಕಿ, ಹಳೆಯ ಪಂಚೆಯಿಂದ ಹೊಳೆಯುವವರೆಗೆ ಉಜ್ಜಿದೆ. ಇಳಿಜಾರನ್ನೂ ಇನ್ನಷ್ಟು ಕಡಿದಾಗಿಸಿದೆ. ಆಯಿ ಚಂಬು ಬಾಗಿಸಿದಳು. ಹನಿಗಳು ದುಂಡಗಾಗಿ ಕೆಳಗೆ ಓಡಿದವು. ಒಂದೆರಡು ತಡೆದವು, ಹಿಂದಿನವು ಬಂದು ತಟ್ಟಿದ ಕೂಡಲೇ ಅವೂ ಹೋದವು. ತಗಡು ಒಣಗಿದ ಹಾಗೇ ಇತ್ತು. ಆಯಿ ಅದನ್ನು ಅಂಗೈಯಿಂದ ಸವರಿ, ಆ ಕೈಯನ್ನು ನನ್ನ ಕೆನ್ನೆಗೆ ಮುಟ್ಟಿಸಿದಳು. ಆಮೇಲೆ ಅಲ್ಲೇ ಕೂತು ತುಂಬಿದ ಚಂಬು ನೀರನ್ನು ಗಟಗಟನೆ ಕುಡಿದಳು.

"ಏನ ಹಚ್ಚಿದಿ?"

"ಮೇಣ, ಆಯಿ."

"ಬತ್ತೀದೋ?"

"ಹೂಂ."

ಆಯಿ ಜೇನು ಮುಟ್ಟುತ್ತಿರಲಿಲ್ಲ. ವೈದ್ಯರು ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಲು ಹೇಳಿದಾಗ ಬೆಲ್ಲದಲ್ಲಿ ಕಲಸಿಕೊಂಡಿದ್ದು ನನ್ನ ಕಣ್ಣೆದುರಿಗೇ. ಜೇನುಹುಟ್ಟನ್ನು ಹಿಂಡುವಾಗ ಅದರೊಳಗಿನ ಮರಿಗಳೆಲ್ಲ ಸಾಯುತ್ತವೆ, ಆ ಪಾಪದ ಪಾಲು ತನಗೆ ಬೇಡ ಎಂದಿದ್ದಳು. ಮೇಣವೂ ಅದೇ ಹುಟ್ಟಿನದು. ಆಕೆ ಜೀವಗಳನ್ನು ಮನೆಗೆ ಕಳಿಸುವ ದಾರಿಗೆ ನಾನು ಅದನ್ನೇ ಬಳಿದಿದ್ದೆ.

ಇಷ್ಟು ವರ್ಷ ನಾನು ನೆನಪಿಟ್ಟುಕೊಂಡ ಕಥೆ ಹೀಗಿತ್ತು. ಹಚ್ಚುವಾಗ ಅದು ಜೇನುಮೇಣವೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಯಾವಾಗಲೋ ತಿಳಿಯಿತು. ಮಳೆಗಾಲದಲ್ಲಿ ಕೃಷ್ಣೆ ಏರಿ, ಬಾವಿಯ ನೀರು ಮೇಲಿನ ಮೂರನೆಯ ಮೆಟ್ಟಿಲಿಗೆ ಬಂದಿದ್ದರಿಂದ ತಗಡನ್ನು ತೆಗೆದು ಗೋಡೆಗೆ ಒರಗಿಸಿದ್ದರು. ಭಾದ್ರಪದದಲ್ಲಿ ನಾನು ಊರಿಗೆ ಬಂದೆ. ಅವರ ದಶಲಕ್ಷಣ ಪರ್ವ ಮುಗಿದು, ಒಬ್ಬರನ್ನೊಬ್ಬರು ಕಂಡು ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವ ದಿನ ಬಂತು. ಆಯಿ ಗೋಡೆಯ ಹತ್ತಿರ ಬಂದು, ಮೊಮ್ಮಗನ ವಯಸ್ಸಿನ ನನಗೆ ಎರಡೂ ಕೈ ಮುಗಿದಳು. "ತಿಳದೋ ತಿಳೀದನೋ ನನ್ನಿಂದ ತಪ್ಪ ಆಗಿದ್ರ ಕ್ಷಮಾ ಮಾಡಪಾ," ಎಂದಳು. ಆಗ ನಾನು ನಿಜ ಹೇಳಿದೆ. ಆಕೆ ನನ್ನ ತಲೆಯ ಮೇಲೆ ಕೈಯಿಟ್ಟು, "ತಿಳೀದ ಆಗಿದ್ದು," ಎಂದಳು.

ಈ ಕಥೆಯನ್ನು ಹೆಂಡತಿಗೆ ಹೇಳಿದ್ದೇನೆ. ತರಗತಿಯಲ್ಲಿ ಹನಿಗಳ ಪಾಠ ಬಂದಾಗಲೆಲ್ಲ ಹೇಳಿದ್ದೇನೆ. ಹೇಳಿ ಹೇಳಿ ಆ ಗೋಡೆ, ಆ ಕೈ, ಬಳೆಯ ತಣ್ಣನೆಯ ಸೋಕು ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದ್ದವು.

ಆಮೇಲೆ ನಾನು ಸಂಶೋಧನೆಗೆಂದು ಪುಣೆಗೆ ಹೋದೆ. ಅಪ್ಪ ನಿವೃತ್ತರಾಗಿ ಮನೆ ಬದಲಾಯಿತು. ಉಗಾರಕ್ಕೆ ಹೋಗುವುದು ನಿಂತಿತು. ಅವರ ಮನೆಗೆ ಆಗಾಗ ಫೋನು ಮಾಡುತ್ತಿದ್ದೆ. ಆಯಿ ಹೋದ ಸುದ್ದಿ ಬಂದಾಗ ನನಗೆ ಯಾವುದೋ ಸಂದರ್ಶನವಿತ್ತು... ಹೋಗಲಿಲ್ಲ.

ಅಥಣಿಯಿಂದ ಮರಳಿದ ಮೇಲೆ ಒಂದು ವಾರ ಆ ಚಪ್ಪಲಿಯವರ ಮಾತು ತಲೆಯಿಂದ ಹೋಗಲಿಲ್ಲ. ಅಂದು ಮೇಣ ಕೊಟ್ಟವರೂ ಹೀಗೇ ಅಂದಿದ್ದರೆಂದ ಮೇಲೆ ನನಗೆ ಮೊದಲೇ ಗೊತ್ತಿತ್ತು ಎಂದಾಯಿತು. ಕಥೆಯ ಒಂದು ಕಾಲು ಮುರಿಯಿತು. ಉಳಿದದ್ದು ನಿಲ್ಲುತ್ತದೆಯೇ? ಕೇಳಲು ಇದ್ದವರು ಒಬ್ಬರೇ. ತಂಗಿಯ ಹತ್ತಿರ ನಂಬರು ತೆಗೆದುಕೊಂಡು ವೈನಿಗೆ ಫೋನು ಮಾಡಿದೆ. ಅವರೂ ಈಗ ನಿವೃತ್ತರು, ಅದೇ ಮನೆಯಲ್ಲಿದ್ದಾರೆ. ಬಾವಿಯ ಮೇಲೆ ಸ್ಲ್ಯಾಬ್ ಬಂದಿದೆಯಂತೆ.

"ಆ ತಗಡ ಎಲ್ಲೀತನಕಾ ಇತ್ರಿ ವೈನಿ?"

"ಯಾವ ತಗಡು... ಹಾಂ, ನೀವು ಹಾಕಿಸಿದ್ದಾ? ಮಳಿಗಾಲದಾಗ ತಗದ ಇಟ್ಟಿದ್ವಿ. ನೀರ ಇಳದ ಮ್ಯಾಲ, ದೀಪಾವಳಿ ಕಳದು, ನಮ್ಮ ಅತ್ತಿಯವರ ನಿಂತ ಮತ್ತ ಹಾಕಿಸಿದ್ರು. ಬಾಳ ಖುಷಿ ಇತ್ತು ಅವರಿಗೆ. ಮುಂದ ಬಿಸಲ ಹತ್ತಿದ ಮ್ಯಾಲ ಒಂದಿನ ಏನಾತು ಅಂದ್ರ, ಜೇನಹುಳಾ ಬಂದು ತಗಡಿನ ಮ್ಯಾಲ ಕುಂತ್ವು. ಮೂರೋ ನಾಕೋ ಇದ್ವು. ಅವನ್ನ ನೋಡಕೋತ ಅವರೂ ಅಲ್ಲೇ ಕುಂತ್ರು, ಊಟಕ್ಕ ಕರದ್ರೂ ಏಳಲಿಲ್ಲ. ಮರುದಿನಾ ಮುಂಜಾನೆ ಆಳಿನ ಕಡಿಂದ ತಗಡ ತಗಸಿ ಹಾಕಿದ್ರು."

"ಆಮ್ಯಾಲ ಬಟ್ಟಿ ಯಾರು..."

"ಯಾರ್ ಮಾಡೋರು, ಅವರ. ನಾ ಮಾಡತೀನಿ ಅಂದ್ರೂ ಕೇಳಲಿಲ್ಲ. ಬಾಂವಿ ಪಾವಟಿಗಿ ಮ್ಯಾಲ ಕುಂದ್ರೂದು, ಜರಗೂದು, ಮತ್ತ ಕುಂದ್ರೂದು. ಹತ್ತೂವಾಗೂ ಹಂಗ, ಬೆನ್ನ ಮ್ಯಾಲ ಮಾಡಿ. ಒಂದ ತಾಸ ಹಿಡೀತಿತ್ತು. ಸಾಯೂತನಕಾ ಆರ ವರ್ಷ ಹಿಂಗ ಮಾಡಿದ್ರು."

ವೈನಿ ತಾವೇ ಇನ್ನೊಂದು ನೆನಪಿಸಿಕೊಂಡು ಹೇಳಿದರು: "ನೀವು ಫೋನ್ ಮಾಡಿದಾಗೊಮ್ಮೆ ತಗಡ ಹೆಂಗೈತಿ ಅಂತ ಕೇಳತಿದ್ರಲ್ಲ. ಚಲೋ ನಡದೈತಿ ಅಂತ ಹೇಳು ಅಂತಿದ್ರು ನನಗ. ಹುಡುಗ ಕಷ್ಟಪಟ್ಟ ಮಾಡ್ಯಾನ, ಮನಸಿಗೆ ಹಚಕೊಂಡಾನು ಅಂತ. ಅದಕ್ಕ ನಾನೂ ಹಂಗ ಹೇಳತಿದ್ನಿ."

ಲೆಕ್ಕ ಕಷ್ಟದ್ದಲ್ಲ. ಮೇಣ ಯಾವುದೆಂದು ಆಯಿಗೆ ಹೇಳಿದ್ದು ಆ ಜೇನುಹುಳಗಳು. ಭಾದ್ರಪದದಲ್ಲಿ ನಾನು ಹೇಳಿದ್ದರೆ ದೀಪಾವಳಿ ಕಳೆದು ಆ ತಗಡು ಮತ್ತೆ ಬಾವಿಗೆ ಇಳಿಯುತ್ತಿರಲಿಲ್ಲ. ನಾನು ಹೇಳಿದ್ದರೆ ಆಕೆ ನನ್ನಿಂದ ಏನನ್ನೂ ಮುಚ್ಚಿಡುವ ಅಗತ್ಯವೂ ಇರಲಿಲ್ಲ. ಅಂದು ಆಕೆ ಕೈ ಮುಗಿದು ನಿಂತಾಗ ನಾನೂ ಸುಮ್ಮನೆ ಕೈ ಮುಗಿದಿರಬೇಕು, ಎಲ್ಲರೂ ಮಾಡುವ ಹಾಗೆ. ತಲೆಯ ಮೇಲೆ ಕೈ ಇಟ್ಟದ್ದು, "ತಿಳೀದ ಆಗಿದ್ದು" ಎಂದದ್ದು ಎರಡನ್ನೂ ನಾನು ಆಮೇಲೆ ಯಾವಾಗಲೋ ನನಗೆ ಬೇಕಾಗಿ ಕಟ್ಟಿಕೊಂಡೆ. ಆಕೆ ಕೊಡದ ಕ್ಷಮೆಯನ್ನು ಆಕೆಯ ಬಾಯಿಂದಲೇ ಹೇಳಿಸಿ, ಅದರ ಮೇಲೆ ಇಷ್ಟು ವರ್ಷ ಹಾಯಾಗಿದ್ದೆ.

"ಯಾಕ್ರಿ, ಈಗ್ಯಾಕ ಅದು ನೆನಪಾತು?" ಎಂದು ಕೇಳಿದರು ವೈನಿ.

"ಅದು ಜೇನಮೇಣ ಇತ್ರಿ ವೈನಿ. ಬತ್ತೀದಂತ ಸುಳ್ಳ ಹೇಳಿದ್ನಿ. ಹಚ್ಚೂವಾಗ ನನಗ ಗೊತ್ತಿತ್ತು."

ಅವರೂ ಅದೇ ಮನೆಯವರು. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅತ್ತ ಕಡೆ ಅಡುಗೆಮನೆಯಲ್ಲಿ ಏನೋ ಕುದಿಯುವ ಸದ್ದು, ಯಾರೋ ಒಲೆ ಆರಿಸಿದ ಸದ್ದು ಕೇಳಿತು. ಬೈಯಲಿ ಎಂದು ಕಾದೆ.

"ಹಟಮಾರಿ ಮುದಕಿ ಅಂತಿದ್ನಿರಿ ನಾ," ಎಂದರು ವೈನಿ ಕೊನೆಗೆ. "ತಗಡ ಇದ್ರೂ ಬ್ಯಾಡ ಅಂತಾರ, ನಾ ಮಾಡತೀನಿ ಅಂದ್ರೂ ಬ್ಯಾಡ ಅಂತಾರ, ಮಂದೀಗೆ ತೋರಸಾಕ ಹಿಂಗ ಮಾಡತಾರ ಅಂತ... ಮುಖದ ಮ್ಯಾಲ ಅಂದೀನಿ. ಆರ ವರ್ಷದಾಗ ಒಂದ ದಿನಾ ಯಾಕಂತ ಬಾಯಿ ಬಿಡಲಿಲ್ಲ ನೋಡ್ರಿ."

ಕ್ಷಮೆ ಕೇಳಬೇಕೆಂದೇ ನಾನು ಬಾಯಿ ತೆರೆದದ್ದು. ಆದರೆ ಅದನ್ನು ಕೊಡಬೇಕಾದವಳು ಇಲ್ಲ, ಫೋನಿನ ಆಚೆ ಇದ್ದ ವೈನಿ ತಾವೇ ಅದನ್ನು ಯಾರಲ್ಲಿ ಕೇಳಬೇಕೆಂದು ತಿಳಿಯದೆ ಕೂತಿದ್ದರು. ಇಬ್ಬರೂ ಫೋನು ಇಡಲಿಲ್ಲ.